ಪಂಪಿನ ಬಾಯಿಗೆ ಜಾಲರಿ

ಬಿಸಿನೀರಿನಲ್ಲಿ ನೆನೆಸಿದ, ಬಾಲ್ಸಾ ಎಂಬ ಹಗುರ ಮರದ ಹಲಗೆಯನ್ನು ಲೈಲ್ ಎರಡೂ ಕೈಯಿಂದ ಮೆಲ್ಲಗೆ ಬಗ್ಗಿಸುತ್ತಿದ್ದ. ಅಂಚೆಯ ಕಾರ್ಡಿಗಿಂತ ಸ್ವಲ್ಪವೇ ದಪ್ಪದ ಹಲಗೆ. ಅವಸರ ಮಾಡಿದರೆ ಹಪ್ಪಳದಂತೆ ಮುರಿಯುತ್ತದೆ. ಹಡಗಿನ ಹಿಂಭಾಗದಲ್ಲಿ ಪಕ್ಕೆ ಒಳಕ್ಕೆ ತಿರುಗುವ ಕಡೆ ಉಸಿರು ಬಿಗಿಹಿಡಿದು ಒತ್ತಬೇಕು. ಒತ್ತಿದ. ಕೂತಿತು. ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಾಲಾಗಿ ಸಿಕ್ಕಿಸಿ ಅಂಟು ಹಿಡಿಯುವವರೆಗೆ ಅಂಗೈಯಲ್ಲೇ ಆನಿಸಿಕೊಂಡು ನಿಂತ.

ಅಡುಗೆಮನೆಯಿಂದ ಗ್ಯಾರೇಜಿಗೆ ಇಳಿಯುವ ಬಾಗಿಲು ತೆರೆಯಿತು. ಬಂದವಳು ಮಾರ್ಲಾ, ತೀರಿಕೊಂಡ ವೆಂಡೆಲನ ಮಗಳು. ಕರಿಯ ಉಡುಪಿನ ಮೇಲೆ ಅಪ್ಪನ ಹಳೇ ಸ್ವೆಟರ್ ಹಾಕಿಕೊಂಡಿದ್ದಳು. ಕೈಯಲ್ಲಿ ಕಾಫಿ.

"ಅಮ್ಮ ಮಾಡಿದ್ದಲ್ಲ, ನಾನೇ ಮಾಡಿದ್ದು," ಅಂದಳು. "ನೀನು ಹೋಗೋ ತನಕ ಅವಳು ಈ ಕಡೆ ಬರಲ್ವಂತೆ, ಲೈಲ್ ಅಂಕಲ್."

"ಗೊತ್ತು ಕಣಮ್ಮ. ಈ ಕೆಲಸಕ್ಕೆ ಕರೆದಾಗ ಕ್ಲೀಟಸ್ ಫೋನಲ್ಲೇ ಹೇಳಿದ. ಇದೊಂದು ಪಕ್ಕೆ ಮುಚ್ಚಿದ್ರೆ ಮುಗೀತು."

"ಸಾಯಂಕಾಲಕ್ಕೆ ನೀರಿಗೆ ಬಿಡೋ ಹಾಗಾಗತ್ತಾ?"

"ಆಗ್ಬೇಕಲ್ಲ."

ಮಾರ್ಲಾ ಬೆಂಚಿನ ಮುಂದಿದ್ದ ಸ್ಟೂಲನ್ನು ನೋಡಿದಳು. ಐದು ದಿನದ ಹಿಂದೆ ಅಪ್ಪ ಅದರ ಮೇಲೆಯೇ ಕೂತು, ಹಡಗಿನ ಎಡಪಕ್ಕೆಗೆ ತಲೆ ಆನಿಸಿಕೊಂಡು ಹೋಗಿಬಿಟ್ಟಿದ್ದ. ಅಂಟಿನ ಬಟ್ಟಲಲ್ಲಿ ಕುಂಚ ನೆಟ್ಟಗೆ ನಿಂತು ಕಲ್ಲಾಗಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಲೈಲ್ ಕೂಡ ಬೇರೆ ಬಟ್ಟಲು ತೆಗೆದುಕೊಂಡಿದ್ದ, ಮತ್ತು ನಿಂತುಕೊಂಡೇ ಕೆಲಸ ಮಾಡುತ್ತಿದ್ದ.

ಹಡಗೆಂದರೆ ಒಬ್ಬ ಗಂಡಸು ತೋಳು ಚಾಚಿ ಎತ್ತುವಷ್ಟು ಉದ್ದದ್ದು. ಹೆಸರು ಇಂಡಿಯಾನಾ. ಎರಡನೇ ಮಹಾಯುದ್ಧದ ಅಮೆರಿಕದ ಹಡಗೊಂದರ ಪಡಿಯಚ್ಚು, ರೇಡಿಯೋದಿಂದ ನಡೆಯುವಂಥದ್ದು. ವೆಂಡೆಲ್ ಬ್ರಾಖ್ ಅದನ್ನು ಕಟ್ಟಿದ್ದು ಒಂದು ಸಲ, ರಿಪೇರಿ ಮಾಡಿದ್ದು ಲೆಕ್ಕವಿಲ್ಲದಷ್ಟು ಸಲ. ನಮ್ಮ ಕಡೆಯ ಗುಂಪಿನವರು ಬೇಸಿಗೆಯ ಶನಿವಾರಗಳಲ್ಲಿ ತಮ್ಮವನೇ ಆದ ಕ್ಲೀಟಸನ ಹೊಲದ ಕೆರೆಯಲ್ಲಿ ಎರಡು ಪಕ್ಷವಾಗಿ ಇಂಥ ಹಡಗುಗಳನ್ನು ಕಾದಾಡಿಸುತ್ತಾರೆ. ಗುಂಡೆಂದರೆ ಬೇರಿಂಗಿನ ಸಣ್ಣ ಉಕ್ಕಿನ ಕಾಳು. ಗ್ಯಾಸಿನ ಒತ್ತಡಕ್ಕೆ ಹಾರಿ ಎದುರು ಹಡಗಿನ ಬಾಲ್ಸಾ ಪಕ್ಕೆಯನ್ನು ತೂತು ಮಾಡುತ್ತವೆ. ಒಳಗೆ ನೀರು ನುಗ್ಗುತ್ತದೆ. ಒಳಗೊಂದು ಪಂಪಿದ್ದು ನೀರನ್ನು ಮೇಲಕ್ಕೆ ಚಿಮ್ಮಿ ಹೊರಗೆಸೆಯುತ್ತದೆ. ಪಂಪು ಸೋತಾಗ ಹಡಗು ಮುಳುಗುತ್ತದೆ. ಮುಳುಗಿದ್ದನ್ನು ಎತ್ತಿ, ಮನೆಗೆ ತಂದು, ಪಕ್ಕೆ ಕಿತ್ತು, ಹೊಸದು ಹೊದಿಸುವುದು. ಚಳಿಗಾಲವೆಲ್ಲ ಅದೇ ಕೆಲಸ.

ಮಾರ್ಲಾ ಹೋದಳು. ಕೊನೆಯ ತುಂಡು ಹಲಗೆ ಕೂರಿಸುವ ಮೊದಲು, ಒಳಗೆ ಏನಾದರೂ ಉಳಿದಿದೆಯೋ ಎಂದು ಲೈಲ್ ಟಾರ್ಚು ಹಿಡಿದು ಬಗ್ಗಿದ. ಪಕ್ಕೆಲುಬುಗಳ ನಡುವೆ ತಳದಲ್ಲಿ ಪಂಪು ಕೂತಿತ್ತು. ಹಳೆಯದೇ ಪಂಪು. ಅದರ ಬಾಯಿಯ ಸುತ್ತ ಮಾತ್ರ ಹಿತ್ತಾಳೆಯ ತಂತಿಯ ಜಾಲರಿಯೊಂದು ಇತ್ತು, ಬೆಸುಗೆ ಹಾಕಿ ಗುಂಡಗೆ ಮಾಡಿದ್ದು.

ಲೈಲ್ ಟಾರ್ಚು ಹಿಡಿದ ಹಾಗೆಯೇ ನಿಂತ.

ಗುಂಪಿನಲ್ಲಿ ಎಲ್ಲರ ಪಂಪಿಗೂ ಜಾಲರಿ ಇತ್ತು, ವೆಂಡೆಲನದಕ್ಕೆ ಮಾತ್ರ ಇರಲಿಲ್ಲ. "ಜಾಲರಿ ಹಾಕೋದೂ ಒಂದೇ, ಪಂಪಿನ ಕತ್ತು ಹಿಸುಕೋದೂ ಒಂದೇ," ಅನ್ನುತ್ತಿದ್ದ. "ಒಳಗೆ ಕಸ ಬಿಡೋ ಸೋಮಾರಿಗಳಿಗೆ ಬೇಕು ಅದು. ನಾನು ಕಸ ಬಿಡಲ್ಲ." ಜೀವಮಾನವೆಲ್ಲ ಊರಿನ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ದುಡಿದವನು. ಅವನ ಮಾತಿಗೆ ಯಾರು ಎದುರಾಡುತ್ತಾರೆ?

ಲೈಲ್ ತಲೆ ಎತ್ತಿ ಗೋಡೆಯ ಹಲಗೆ ನೋಡಿದ. ಪಂಪ್‌ಹೌಸಿನವರ ಅಭ್ಯಾಸ ಅದು: ನದಿಯ ನೀರೆಳೆಯುವ ಬಾಯಿಯಲ್ಲಿ ಸಿಕ್ಕಿದ್ದನ್ನೆಲ್ಲ ಎಸೆಯದೆ ಮೊಳೆಗೆ ನೇತುಹಾಕುವುದು, ಮುಂದಿನ ಪಾಳಿಯವನು ನೋಡಿ ಎಚ್ಚರವಾಗಿರಲಿ ಎಂದು. ನಿವೃತ್ತನಾದ ದಿನ ವೆಂಡೆಲ್ ಆ ಹಲಗೆಯನ್ನು ಮನೆಗೇ ತಂದಿದ್ದ. ಮಗುವಿನ ಒಂದು ಬೂಟು, ಬೊಂಬೆಯ ತೋಳು, ಮೀನಿನ ಬೆನ್ನೆಲುಬು, ಆಮೆಯ ಚಿಪ್ಪು. ಲೈಲನಿಗೆ ಎಲ್ಲವೂ ಗೊತ್ತಿದ್ದವೇ. ಕೊನೆಯ ಮೊಳೆಯಲ್ಲಿದ್ದುದು ಗೊತ್ತಿರಲಿಲ್ಲ. ಕೆಂಪು ಚೌಕುಳಿ ಬಟ್ಟೆಯ ಒಂದು ಚಿಂದಿ. ಹುರಿಯಂತೆ ಬಿಗಿಯಾಗಿ ಸುತ್ತಿಕೊಂಡು, ಹೆಬ್ಬೆರಳ ಗಾತ್ರದ ಗಂಟಾಗಿ ಒಣಗಿತ್ತು. ಆ ಗಂಟಿನ ನಡುವಿನ ಕುಳಿ ಇಂಡಿಯಾನಾದ ಪುಟ್ಟ ಪಂಪಿನ ಚಕ್ರದ ಅಚ್ಚು.

ಅವನು ಅದನ್ನು ಮೊಳೆಯಿಂದ ಬಿಡಿಸಿ ಕೋಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ಕೊನೆಯ ಹಲಗೆ ಕೂರಿಸಿ, ಮೇಲೆ ತೆಳು ಕಾಗದ ಎಳೆದು, ಬಣ್ಣ ಬಳಿದ.

*

ಮೂರು ವರ್ಷದ ಹಿಂದಿನ ಮಾತು. ಋತುವಿನ ಕೊನೆಯ ಕಾಳಗ. ಲೈಲನ ಹಡಗು ನಗಾಟೊ, ಜಪಾನಿನ ಯುದ್ಧನೌಕೆಯ ಪಡಿಯಚ್ಚು, ಎದುರು ಪಕ್ಷದ್ದು. ಇಂಡಿಯಾನಾದ ಹಿಂಬದಿಗೆ ಮೊಳದಷ್ಟು ಹತ್ತಿರ ಹೋಗಿ ಪಕ್ಕೆಯ ಫಿರಂಗಿಯಿಂದ ನಾಲ್ಕು ಗುಂಡು ಹೊಡೆದು ತಿರುಗಿಸಿಕೊಂಡ. ಅಷ್ಟೇ. ಇಂಡಿಯಾನಾದ ಮೇಲೆ ಚಿಮ್ಮುತ್ತಿದ್ದ ನೀರಿನ ಎಳೆ ಒಮ್ಮೆಗೇ ನಿಂತಿತು. ಹಡಗು ಒಂದು ಕಡೆ ಬಾಗಿ, ನೋಡನೋಡುತ್ತ ಕೆಸರು ನೀರಿನೊಳಗೆ ಇಳಿಯಿತು.

"ಗುದ್ದಿದ! ಬೇಕಂತ ಗುದ್ದಿದ!" ಎಂದು ಆಚೆ ದಂಡೆಯಿಂದ ವೆಂಡೆಲ್ ಕೂಗಿದ.

ಗುದ್ದುವುದು ನಮ್ಮಲ್ಲಿ ಕೊಳಕು ಕೆಲಸ. ಗುಂಡಿನ ತೂತಿಗೆ ಕಾಗದ ಸಾಕು. ಗುದ್ದಿದರೆ ಪಕ್ಕೆಲುಬೇ ಮುರಿಯುತ್ತದೆ, ತಿಂಗಳುಗಟ್ಟಲೆ ಕಟ್ಟಿದ್ದು ಹಾಳು.

"ಎಲ್ಲಿ ಗುದ್ದಿದ್ನೋ? ಕಣ್ಣಿಗೆ ಮಂಜು ಕವಿದಿದ್ಯಾ ನಿಂಗೆ?"

"ನಾಲ್ಕು ತೂತಿಗೆ ಮುಳುಗತ್ತೇನೋ ನನ್ನ ಹಡಗು? ಹೇಳು! ನನ್ನ ಪಂಪಿಗೆ ನಾಲ್ಕು ತೂತು ಯಾವ ಲೆಕ್ಕ?"

ನಾಲ್ಕು ತೂತಿಗೆ ಅದು ಮುಳುಗುವಂಥದ್ದಲ್ಲ ಎಂದು ಎಲ್ಲರಿಗಿಂತ ಹೆಚ್ಚು ಗೊತ್ತಿದ್ದವನು ಲೈಲನೇ. ಆ ದಿನದ ತೀರ್ಪುಗಾರ ಕ್ಲೀಟಸ್. ಅವನು ಸ್ವಲ್ಪ ಯೋಚಿಸಿ, "ಗುದ್ದಿದ ಹಾಗೇ ಕಾಣ್ತು ನಂಗೂ" ಅಂದ.

ನಮ್ಮಲ್ಲೊಂದು ಪದ್ಧತಿಯಿದೆ. ಮುಳುಗಿದ ಹಡಗನ್ನು ಎತ್ತಿದ ಮೇಲೆ ಮುಳುಗಿಸಿದವನೂ ಮುಳುಗಿಸಿಕೊಂಡವನೂ ಒಂದೇ ಮೇಜಿಗೆ ಕೂತು, ಬಿಯರ್ ಕುಡಿಯುತ್ತ, ಮೇಲಿನ ಡೆಕ್ಕು ಬಿಚ್ಚಿ ಒಳಗೆ ನೋಡಬೇಕು. ಲೈಲ್ ಎರಡು ಬಾಟಲಿ ಹಿಡಿದು ಮೇಜಿನ ಹತ್ತಿರ ನಿಂತೇ ಇದ್ದ. ವೆಂಡೆಲ್ ನೀರು ಸುರಿಯುತ್ತಿದ್ದ ಹಡಗನ್ನು ಕಂಕುಳಲ್ಲಿ ಇರುಕಿಕೊಂಡು ನೆಟ್ಟಗೆ ಪಿಕಪ್ಪಿಗೆ ಹೋದ. ಡೆಕ್ಕು ಬಿಚ್ಚಲಿಲ್ಲ. ಆಮೇಲಿನ ಬೇಸಿಗೆಗಳಲ್ಲಿ ಇಂಡಿಯಾನಾ ಮುಳುಗಲೂ ಇಲ್ಲ, ಅದನ್ನು ಯಾರೆದುರೂ ಬಿಚ್ಚಬೇಕಾಗಲೂ ಇಲ್ಲ.

ಗುಂಪಿನವರು ಲೈಲನನ್ನು ಒಂದು ಬೇಸಿಗೆ ಹೊರಗಿಟ್ಟರು. ಆ ಬೇಸಿಗೆ ಮುಗಿದ ಮೇಲೆ ಕರೆದರು. ಅವನು ಹೋಗಲಿಲ್ಲ. ಅವನಿಗೆ 'ಗುದ್ದಪ್ಪ' ಎಂದು ಹೆಸರು ಬಿದ್ದಿತ್ತು. ಕ್ಷೌರದಂಗಡಿಯಲ್ಲೂ ಹಾಗೇ ಕರೆಯುತ್ತಿದ್ದರು. ಅಂಗಡಿಯಲ್ಲಿ ಮೊಳೆ ಸ್ಕ್ರೂಗಳ ಸಾಲಿನ ನಡುವೆ ವೆಂಡೆಲ್ ಎದುರಾದರೆ ಇಬ್ಬರೂ ಸ್ಕ್ರೂಗಳನ್ನು ನೋಡುತ್ತಿದ್ದರು.

*

ಚರ್ಚಿನಲ್ಲಿ ಶವಪೆಟ್ಟಿಗೆ ತೆರೆದಿತ್ತು. ವೆಂಡೆಲನಿಗೆ ಟೈ ಕಟ್ಟಿದ್ದರು. ಅದರಿಂದ ಯಾರೋ ಬೇರೆಯವನ ಹಾಗೆ ಕಾಣುತ್ತಿದ್ದ. ಬೆರಳುಗಳು ಮಾತ್ರ ಅವನವೇ. ಉಗುರಿನ ಸಂದಿಯಲ್ಲಿ ಹಡಗಿನ ಬೂದು ಬಣ್ಣ ಇನ್ನೂ ಇತ್ತು. ತೊಳೆದವರಿಗೆ ಹೋಗಿಸಲಾಗಿರಲಿಲ್ಲ, ಇಲ್ಲವೇ ಹೆಂಡತಿ ಆರ್ಡಿತ್ ಬೇಡವೆಂದಿದ್ದಳು.

ಆರ್ಡಿತ್ ಮುಂದಿನ ಸಾಲಿನಲ್ಲಿ ಕೂತಿದ್ದಳು. ಲೈಲ್ ಪೆಟ್ಟಿಗೆಯ ಮುಂದೆ ನಿಂತಾಗ ಅವಳು ಕಿಟಕಿಯ ಕಡೆ ತಿರುಗಿದಳು.

ಲೈಲನ ಕೈ ಜೇಬಿನಲ್ಲಿತ್ತು. ಗಂಟು ಬೆರಳಿಗೆ ಸಿಗುತ್ತಿತ್ತು. ಪೆಟ್ಟಿಗೆಯೊಳಗೆ ಹಾಕಿಬಿಡಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಹಾಗೆ ಮಾಡಿದರೆ ಅದು ಮಣ್ಣಿನೊಳಗೆ ಹೋಗುತ್ತದೆ, ಅವನು ಸಾಯುವತನಕ ಗುದ್ದಪ್ಪನೇ. ಕೈ ಹೊರಗೆ ಬರಲಿಲ್ಲ.

ಎರಡನೆಯ ಯೋಚನೆ ಅದಕ್ಕಿಂತ ಕೆಟ್ಟದ್ದು. ವೆಂಡೆಲ್ ಪಂಪಿನ ಬಾಯಿಂದ ಆ ಬಟ್ಟೆ ಬಿಡಿಸಿದ್ದು ಯಾವತ್ತು? ಆ ಶನಿವಾರವೇ ಇರಬೇಕು. ನೀರು ಕುಡಿದ ಪಂಪನ್ನು ಬಿಚ್ಚದೆ ಮಲಗುವವನಲ್ಲ ಅವನು. ಅಂದರೆ ಮೂರು ಚಳಿಗಾಲ ಅದನ್ನು ಕಣ್ಣೆದುರು ನೇತುಹಾಕಿಕೊಂಡು, ಜಾಲರಿ ಬೆಸೆದುಕೊಂಡು, ಲೈಲನಿಗೆ ಒಂದು ಫೋನು ಮಾತ್ರ ಮಾಡದೆ ಕೂತಿದ್ದ.

"ಸಾಕು ಬಾರಯ್ಯ," ಎಂದು ಹಿಂದಿನಿಂದ ಕ್ಲೀಟಸ್ ಮೆಲ್ಲಗೆ ಅಂದ. ಎತ್ತರದ ಆಳು, ಮಂಡಿನೋವಿನವನು. "ಇನ್ನೂ ಜನ ಇದಾರೆ ನೋಡೋಕೆ."

ಪೆಟ್ಟಿಗೆ ಹೊರಲು ಆರು ಜನ ಗುಂಪಿನವರೇ. ಲೈಲನನ್ನು ಕರೆದಿರಲಿಲ್ಲ. ಮೆಟ್ಟಿಲಿಳಿಯುವಾಗ ಕ್ಲೀಟಸನ ಮಂಡಿ ಕೈಕೊಟ್ಟಿತು, ಪೆಟ್ಟಿಗೆ ವಾಲಿತು. ಲೈಲ್ ಹೋಗಿ ಆ ಮೂಲೆಗೆ ಭುಜ ಕೊಟ್ಟ. ಹಿಂದೆ ಬರುತ್ತಿದ್ದ ಆರ್ಡಿತ್‌ಳ ಹೆಜ್ಜೆ ಒಂದು ಕ್ಷಣ ನಿಂತು ಮತ್ತೆ ಕೇಳಿಸಿತು.

*

ಆ ಎರಡು ಹಡಗುಗಳೂ ಒಂದೇ ಚಳಿಗಾಲದಲ್ಲಿ, ಒಂದೇ ಬೆಂಚಿನ ಮೇಲೆ ಹುಟ್ಟಿದ್ದು. ಲೈಲ್ ಆಗ ಶಾಲೆಯ ಬಸ್ಸು ಓಡಿಸುತ್ತಿದ್ದ, ಹೆಂಡತಿ ಬಿಟ್ಟುಹೋಗಿದ್ದಳು. ಸಂಜೆ ಬಸ್ಸು ನಿಲ್ಲಿಸಿ ಸೀದಾ ವೆಂಡೆಲನ ಗ್ಯಾರೇಜಿಗೆ ಬರುತ್ತಿದ್ದ. ಸೀಮೆಎಣ್ಣೆಯ ಒಲೆ, ರೇಡಿಯೋದಲ್ಲಿ ಬ್ಯಾಸ್ಕೆಟ್‌ಬಾಲ್, ಆರ್ಡಿತ್ ಕಳಿಸುವ ಬೀನ್ಸ್ ಕಾಳಿನ ಸೂಪು.

"ಎರಡಕ್ಕೂ ಪಕ್ಕೆಲುಬು ಒಟ್ಟಿಗೇ ಕುಯ್ಯೋಣ," ಎಂದಿದ್ದ ವೆಂಡೆಲ್.

"ನಿಂದು ನಮ್ಮ ದೇಶದ್ದು, ನಂದು ಶತ್ರುವಿನದ್ದು. ಒಟ್ಟಿಗೆ ಹೆಂಗಯ್ಯ?"

"ಮರಕ್ಕೇನು ಗೊತ್ತು? ಹಿಡ್ಕೋ ಈ ತುದಿ."

ಊರಿಗೆ ನೀರು ನಿಂತದ್ದು ವೆಂಡೆಲನ ಕಾಲದಲ್ಲಿ ಒಂದೇ ಸಲ. ನದಿಯಲ್ಲಿ ಮಂಜುಗಡ್ಡೆ ಕಟ್ಟಿ ನೀರೆಳೆಯುವ ಬಾಯಿಯ ಜಾಲರಿ ಮುಚ್ಚಿಹೋಗಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಕೈಯಿಂದಲೇ ಕೆರೆದು ತೆಗೆದಿದ್ದ. ಎಡಗೈಯ ಎರಡು ಬೆರಳ ತುದಿ ಆಮೇಲೆ ಸೆಟೆದೇ ಉಳಿದವು. ಪತ್ರಿಕೆಯವರು ಬರಲಿಲ್ಲ, ಯಾರೂ ಕರೆದೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಎಲ್ಲರ ನಲ್ಲಿಯಲ್ಲೂ ನೀರು ಬಂತು; ಜನ ಮುಖ ತೊಳೆದುಕೊಂಡರು. ಅವನಿಗೆ ಇದ್ದ ಹೆಮ್ಮೆ ಅದೊಂದೇ. ನನ್ನ ಪಂಪು ನಿಲ್ಲುವುದಿಲ್ಲ.

*

ಮಣ್ಣು ಮಾಡಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಬನ್ನಿನಲ್ಲಿ ಹಂದಿಮಾಂಸದ ಹೋಳು, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ, ನಡುಗುವ ಹಸಿರು ಜೆಲ್ಲಿ. ಜನ ಬಾಗಿಲ ಹತ್ತಿರ ತಗ್ಗುದನಿಯಲ್ಲಿದ್ದವರು ಕಾಫಿ ಪಾತ್ರೆಯ ಹತ್ತಿರ ಬರುವಷ್ಟರಲ್ಲಿ ಮಾಮೂಲು ದನಿಗೆ ಬಂದಿದ್ದರು.

"ಗುದ್ದಪ್ಪನಿಗೆ ದಾರಿ ಬಿಡ್ರಯ್ಯ," ಎಂದ ಯಾರೋ ಒಬ್ಬ. "ತಟ್ಟೆ ಹುಷಾರು!"

ಇಬ್ಬರು ನಕ್ಕರು. ಲೈಲನೂ ತುಟಿ ಬಿಚ್ಚಿ ನಕ್ಕ ಹಾಗೆ ಮಾಡಿದ. ಜೇಬಿನಲ್ಲಿ ಗಂಟಿತ್ತು. ತೆಗೆದು ಜೆಲ್ಲಿಯ ಪಕ್ಕ ಮೇಜಿನ ಮೇಲಿಟ್ಟರೆ ಸಾಕು, ಒಂದು ಮಾತೂ ಆಡಬೇಕಾಗಿರಲಿಲ್ಲ. ಹಡಗು ಕಟ್ಟುವವರಿಗೆಲ್ಲ ಅರ್ಥವಾಗುತ್ತಿತ್ತು.

ಆರ್ಡಿತ್ ಬಂದು ಎದುರಿಗೆ ಕೂತಳು. ತಟ್ಟೆ ತಂದಿರಲಿಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಕಾಫಿ ತರಲು ಎದ್ದರು.

"ಪಕ್ಕೆ ಹೊದಿಸಿದ್ಯಂತೆ," ಅಂದಳು.

"ಹೂಂ."

"ಮಣ್ಣು ಹಾಕಿ ಬಂದಿದೀನಿ. ಈಗ ಕೇಳ್ತೀನಿ, ನಿಜ ಹೇಳು. ಅವತ್ತು ಗುದ್ದಿದ್ಯಾ?"

"ಇಲ್ಲ, ಆರ್ಡಿತ್."

"ಹಂಗಾದ್ರೆ ನನ್ನ ಗಂಡ ಸುಳ್ಳು ಹೇಳಿದ್ನಾ?"

"ಅವನು ನಿಂತಿದ್ದ ಕಡೆಯಿಂದ ನೋಡಿದ್ರೆ ಎರಡೂ ತಾಗಿದ ಹಾಗೇ ಕಾಣ್ತಿತ್ತು. ಸೂರ್ಯ ಬೇರೆ ಎದುರಿಗಿದ್ದ."

"ಮತ್ತೆ ಯಾತಕ್ಕೆ ಮುಳುಗ್ತು?"

ಅವನ ಬೆರಳು ಗಂಟಿನ ಕುಳಿಯೊಳಗೆ ಹೋಯಿತು.

"ನೀರು ತುಂಬ್ತು, ಮುಳುಗ್ತು," ಅಂದ.

ಅವಳು ಅವನನ್ನು ದಿಟ್ಟಿಸಿ ನೋಡಿದಳು. "ನಗೆಚಾಟಿಕೆ ಮಾಡೋ ದಿನವಾ ಇದು? ಮೂರು ವರ್ಷ ಆ ಮನುಷ್ಯ ಸರಿಯಾಗಿ ನಿದ್ದೆ ಮಾಡ್ಲಿಲ್ಲ, ಗೊತ್ತಾ? ಎದ್ದು ಹೋಗಿ ಆ ಹಲಗೆ ಮುಂದೆ ಕೂತ್ಕೊಳ್ಳೋನು. ನೀನು ಒಂದು ಸಲ ಬಂದು ತಪ್ಪಾಯ್ತು ಅಂದಿದ್ರೆ ಆಗ್ತಿತ್ತು. ಅವನ ಎದೆ ಒಡೆದಿದ್ದು ನೀನು."

ಲೈಲ್ ತಟ್ಟೆ ನೋಡಿದ. "ಬರಬೇಕಾಗಿತ್ತು," ಅಂದ.

*

ಹಡಗು ನಡೆಸುವವನು ತೀರಿಕೊಂಡರೆ ಅವನ ಹಡಗನ್ನು ಕೊನೆಯ ಸಲ ನೀರಿಗಿಳಿಸುವುದು ನಮ್ಮವರ ಪದ್ಧತಿ. ಅದರ ಫಿರಂಗಿಗಳಿಗೆ ಗ್ಯಾಸು ಹಾಕುವುದಿಲ್ಲ. ಉಳಿದ ಹಡಗುಗಳೆಲ್ಲ, ಅವನ ಪಕ್ಷದವೂ ಸೇರಿ, ಸುತ್ತ ನಿಂತು ಅದು ಮುಳುಗುವವರೆಗೆ ಹೊಡೆಯುತ್ತವೆ. ಮುಳುಗಿದ ಮೇಲೆ ಎತ್ತಿ, ಬಾವುಟ ಬಿಚ್ಚಿ ಮನೆಯವರಿಗೆ ಕೊಡುತ್ತಾರೆ.

ಕ್ಲೀಟಸನ ಜೋಳದ ಹೊಲ ಕಟಾವಾಗಿತ್ತು. ಕೂಳೆಯ ಮೇಲೆ ಗಾಳಿ ಕೊರೆಯುತ್ತಿತ್ತು. ಆರ್ಡಿತ್‌ಳನ್ನು ಮಡಿಸುವ ಕುರ್ಚಿಯಲ್ಲಿ ದಂಡೆಯ ಮೇಲೆ ಕೂರಿಸಿ ಮಾರ್ಲಾ ಕಂಬಳಿ ಹೊದಿಸಿದಳು.

"ನಡೆಸೋರು ಯಾರು?" ಎಂದ ಕ್ಲೀಟಸ್, ವೆಂಡೆಲನ ರಿಮೋಟು ಹಿಡಿದುಕೊಂಡು. ಹಿಡಿಗೆ ಸುತ್ತಿದ್ದ ಟೇಪು ಬೆವರಿಗೆ ಕಪ್ಪಾಗಿತ್ತು.

"ಅವನೇ ನಡೆಸ್ಲಿ," ಎಂದಳು ಆರ್ಡಿತ್, ಲೈಲನ ಕಡೆ ಗದ್ದ ತೋರಿಸಿ. "ಅಭ್ಯಾಸ ಇದೆಯಲ್ಲ. ಒಂದ್ಸಲ ಮುಳುಗಿಸಿದಾನೆ, ಇನ್ನೊಂದ್ಸಲ ಮುಳುಗಿಸ್ಲಿ."

ಲೈಲ್ ರಿಮೋಟು ತೆಗೆದುಕೊಂಡ. ಇಂಡಿಯಾನಾ ದಂಡೆ ಬಿಟ್ಟು ನಡುನೀರಿಗೆ ಹೋಯಿತು. ಉಳಿದವು ಸುತ್ತುವರಿದವು. ಟಪ್, ಟಪ್, ಟಪ್. ಬೆಳಿಗ್ಗೆ ಹೊದಿಸಿದ ಹೊಸ ಪಕ್ಕೆಯಲ್ಲಿ ಕರಿಯ ಚುಕ್ಕೆಗಳು ಎದ್ದವು. ಹಡಗು ತುಸು ತಗ್ಗಿತು. ಆಗ ಡೆಕ್ಕಿನ ಮೇಲಿನಿಂದ ನೀರಿನ ಎಳೆ ಚಿಮ್ಮಿತು. ದಬ್ಬಣದಷ್ಟು ದಪ್ಪ, ಆಳೆತ್ತರ, ಬಾಗಿ ಕೆರೆಗೆ ಬೀಳುವಂಥದ್ದು.

"ಬಂತು ನೋಡು ವೆಂಡೆಲನ ಪಂಪು!" ಎಂದು ಯಾರೋ ಕೂಗಿದರು. ಚಪ್ಪಾಳೆಯೂ ಬಿತ್ತು.

ಹೊಡೆದರು. ಲೈಲ್ ಹಡಗನ್ನು ಅತ್ತಿತ್ತ ತಪ್ಪಿಸಲಿಲ್ಲ. ದೊಡ್ಡ ಸುತ್ತಿನಲ್ಲಿ ನಿಧಾನಕ್ಕೆ ತಿರುಗಿಸುತ್ತಿದ್ದ. ಪಕ್ಕೆಯ ಚೂರುಗಳು ಕಿತ್ತು ತೇಲಿದವು. ಒಬ್ಬ "ನಂದು ಖಾಲಿ" ಎಂದ. ಇನ್ನೊಬ್ಬ ದಂಡೆಗೆ ತಂದು ಗುಂಡು ತುಂಬಿಕೊಂಡು ಮತ್ತೆ ಹೋದ. ಹಡಗು ಡೆಕ್ಕಿನ ಅಂಚಿನವರೆಗೆ ಇಳಿದಿತ್ತು, ಅಲ್ಲಿಂದ ಕೆಳಗೆ ಹೋಗಲೊಲ್ಲದು. ನೀರಿನ ಎಳೆ ಒಮ್ಮೆಯೂ ತಡವರಿಸಲಿಲ್ಲ.

"ಇದೇನೋ ಇದು," ಎಂದ ಒಬ್ಬ. "ಜರಡಿ ಆಗೋಗಿದೆ, ಆದ್ರೂ ಹೋಗ್ತಿಲ್ವಲ್ಲ."

"ಪಂಪು ಹೊಸದಾ?" ಎಂದ ಕ್ಲೀಟಸ್.

"ಹಳೇದೇ," ಎಂದ ಲೈಲ್.

ಕ್ಲೀಟಸ್ ಆ ಎಳೆಯನ್ನೇ ನೋಡಿದ. ಕಿತ್ತ ಬಾಲ್ಸಾದ ಚೂರು, ಕಾಗದದ ತುಣುಕು ಎಲ್ಲ ಒಳಗೆ ಹೋಗಿ ಸುತ್ತುತ್ತಿರಬೇಕು. ಇಷ್ಟು ಹೊತ್ತಿಗೆ ಯಾವುದಾದರೂ ಒಂದು ಚೂರು ಪಂಪಿನ ಗಂಟಲಿಗೆ ಸಿಕ್ಕಲೇಬೇಕಿತ್ತು.

"ಬಾಯಿಗೆ ಜಾಲರಿ ಹಾಕಿದಾನೇನೋ?" ಅಂದ. ಅವನ ದನಿ ಇಳಿದಿತ್ತು. "ವೆಂಡೆಲ್ಲು? ಜಾಲರಿ?"

ಲೈಲ್ ಚುಕ್ಕಾಣಿಯ ಕಡ್ಡಿಯನ್ನು ಎಡಕ್ಕೆ ಒತ್ತಿದ. ಹಡಗು ಎಡಕ್ಕೆ ತಿರುಗಿತು.

ಕ್ಲೀಟಸ್ ತನ್ನ ರಿಮೋಟನ್ನು ಕಾಲಬುಡಕ್ಕೆ ಇಳಿಸಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಪಕ್ಕದವನು ಅವನ ಮುಖ ನೋಡಿ ತಾನೂ ಹೊಡೆಯುವುದನ್ನು ನಿಲ್ಲಿಸಿದ. ಹಾಗೆ ಒಬ್ಬೊಬ್ಬರೇ. ಕೊನೆಗೆ ಕೆರೆಯ ಮೇಲೆ ಪಂಪಿನ ಗುಂಯ್ ಎನ್ನುವ ಸದ್ದು, ನೀರು ಬೀಳುವ ಸದ್ದು, ಎರಡೇ ಉಳಿದವು. ಯಾರೂ ಲೈಲನ ಕಡೆ ನೋಡಲಿಲ್ಲ.

ಆರ್ಡಿತ್ ಪಂಪಿನವನ ಹೆಂಡತಿ. ಒಂದು ಸಲ ಪಂಪು ಕಟ್ಟಿಕೊಂಡ ಮೇಲೆಯೇ ಜಾಲರಿ ಹಾಕುತ್ತಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಬಳಿಯೊಳಗೆ ಕೈ ಹುದುಗಿಸಿಕೊಂಡಳು.

"ಕೊನೇ ಮೊಳೇಲಿ ಒಂದು ಕೆಂಪು ಬಟ್ಟೆ ಇತ್ತು," ಅಂದಳು. "ನೀನು ಹೋದ್ಮೇಲೆ ನೋಡ್ದೆ. ಇರ್ಲಿಲ್ಲ."

ಲೈಲ್ ನೀರನ್ನೇ ನೋಡುತ್ತಿದ್ದ.

"ಅದೇನು ಅಂತ ಎಷ್ಟೋ ಸಲ ಕೇಳಿದ್ದೆ. ಸಿಕ್ಕಿದ್ದು, ಅಂತಿದ್ದ. ಎಲ್ಲಿ ಸಿಕ್ಕಿದ್ದು ಅಂತ ಹೇಳ್ಲಿಲ್ಲ." ಕಂಬಳಿ ಎಳೆದುಕೊಂಡು, "ಅವನ ಹಳೇ ಅಂಗಿ. ಒರೆಸೋದಕ್ಕೆ ಅಂತ ನಾನೇ ಹರಿದು ಕೊಟ್ಟಿದ್ದು" ಅಂದಳು.

ಬೆಳಕು ಇಳಿಯುತ್ತಿತ್ತು. ಎಳೆಯ ಎತ್ತರ ತುಸು ಕಡಿಮೆಯಾದ ಹಾಗೆ ಕಂಡಿತು. ಬ್ಯಾಟರಿ ಸೋಲುತ್ತಿತ್ತು. ಲೈಲ್ ಹಡಗನ್ನು ದಂಡೆಯ ಕಡೆಗೆ ತಿರುಗಿಸಿದ. ಅರ್ಧ ದಾರಿಗೆ ಬಂದು ಹಡಗು ಓಡಿಸುವ ಮೋಟಾರು ನಿಂತಿತು. ಅವನು ರಿಮೋಟನ್ನು ಆರ್ಡಿತ್‌ಳ ಮಡಿಲಲ್ಲಿಟ್ಟ. ಅವಳು ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು, ಯಾವುದನ್ನು ಒತ್ತಬೇಕೆಂದು ತಿಳಿಯದವರ ಹಾಗೆ.

"ಬೂಟು ಹಾಕ್ಕೊಳ್ಳೋ, ನೀರು ಕೊರೆಯತ್ತೆ," ಎಂದು ಕ್ಲೀಟಸ್ ರಬ್ಬರಿನ ಉದ್ದಬೂಟು ಹಿಡಿದು ಬಂದ. ಅಷ್ಟರಲ್ಲಿ ಲೈಲ್ ಚರ್ಚಿಗೆಂದು ಹಾಕಿದ್ದ ಉಡುಪಿನಲ್ಲೇ ಇಳಿದಾಗಿತ್ತು. ಮೊದಲು ಮೊಣಕಾಲು, ಆಮೇಲೆ ತೊಡೆ. ಕೋಟಿನ ಜೇಬು ನೀರು ಕುಡಿದು ಭಾರವಾಯಿತು. ಹಡಗಿನ ಹತ್ತಿರ ಹೋಗಿ, ಎರಡೂ ಅಂಗೈಗಳನ್ನು ನೀರೊಳಗೆ ಅದರ ಅಡಿಗೆ ಚಾಚಿ ನಿಂತ. ಮುಟ್ಟಲಿಲ್ಲ.

ಎಳೆ ಅವನ ಭುಜದ ಮೇಲೆ ಬೀಳುತ್ತಿತ್ತು. ಆಮೇಲೆ ಮೊಣಕೈ ಮೇಲೆ. ಆಮೇಲೆ ನೂಲಿನಷ್ಟಾಯಿತು. ನೂಲು ಹನಿಯಾಯಿತು. ಹನಿ ನಿಂತಿತು. ಇಂಡಿಯಾನಾ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು; ಬಳಿಕ ಒಂದು ಕಡೆ ಬಾಗಿ, ನಿಧಾನವಾಗಿ, ಅವನ ಕೈಗಳ ಮೇಲೆ ಬಂದು ಕೂತಿತು.